ತರಬೇತಿ ಮುಗಿದ ಮೇಲೆ ತರಗತಿಯಲ್ಲಿ ಏನು ಉಳಿಯುತ್ತದೆ? ವಿಶೇಷ ಅಗತ್ಯದ ಮಕ್ಕಳ ಕಲಿಕೆ ಬಗ್ಗೆ ಒಂದು ಚರ್ಚೆ

ಮುಖ್ಯ ಶಿಕ್ಷಕಿ, ಹಾವೇರಿ
ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾಲ್ಕನೇ ತರಗತಿಗೆ ಬಂದರೂ ಒತ್ತಕ್ಷರ ಬಂದ ಕಡೆ ನಿಂತುಬಿಡುವ ಮಕ್ಕಳಿದ್ದಾರೆ. ಕಿವಿ ಸರಿಯಾಗಿ ಕೇಳದ ಒಬ್ಬ ಹುಡುಗಿ ಇದ್ದಾಳೆ. ಒಂದು ಕಡೆ ಕೂರಲಾಗದ ಒಬ್ಬ ಹುಡುಗ ಇದ್ದಾನೆ.

ಇಂಥ ಮಕ್ಕಳನ್ನೂ ಎಲ್ಲರ ಜೊತೆಯಲ್ಲೇ ಕಲಿಸುವ ಸಮನ್ವಯ ಶಿಕ್ಷಣದ ತರಬೇತಿಗಳು ಬರುತ್ತಲೇ ಇರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅದರಲ್ಲಿರುವ 21 ಬಗೆಯ ಅಂಗವೈಕಲ್ಯ, ಯಾರಿಗೆ ಯಾವ ಸೌಲಭ್ಯ ಎಲ್ಲವನ್ನೂ ಹೇಳುತ್ತಾರೆ. ನಮ್ಮ ಶಿಕ್ಷಕರು ಮನಸ್ಸಿಟ್ಟು ಕೇಳಿಕೊಂಡು ಬರುತ್ತಾರೆ. ಆದರೆ ಸೋಮವಾರ ಬೆಳಗ್ಗೆ ತರಗತಿಗೆ ಹೋದಾಗ ಏನನ್ನು ಬೇರೆ ಥರ ಮಾಡಬೇಕು ಅನ್ನೋದು ಗೊತ್ತಾಗುವುದಿಲ್ಲ. ಕೆಲವರು ಒಂದು ವಾರ ಏನಾದರೂ ಹೊಸದು ಮಾಡುತ್ತಾರೆ. ಆಮೇಲೆ ಪಾಠ ಮುಗಿಸುವ ಆತುರದಲ್ಲಿ ಅದು ಬಿಟ್ಟುಹೋಗುತ್ತದೆ.

ಈ ಮಕ್ಕಳಿಗೆ ಹೇಗೆ ಕಲಿಸಿದರೆ ಹತ್ತುತ್ತದೆ ಅಂತ ಜಗತ್ತಿನಲ್ಲಿ ಎಷ್ಟೋ ವರ್ಷದಿಂದ ಸಂಶೋಧನೆ ನಡೆದಿದೆ. ನಮ್ಮ ಶಿಕ್ಷಕರಲ್ಲಿ ಆಸೆಗೆ ಕೊರತೆ ಇಲ್ಲ. ಇವೆರಡನ್ನೂ ಸೇರಿಸುವುದು ಹೇಗೆ? ಮುಂದಿನ ಜೂನ್‌ನಿಂದ ಶಾಲೆಯಲ್ಲಿ ಏನನ್ನಾದರೂ ಗಟ್ಟಿಯಾಗಿ ಶುರು ಮಾಡಬೇಕು ಅಂತಿದ್ದೇನೆ. ಮಾಡಿ ನೋಡಿದವರು ಹೇಳಿ. ಸೌಲಭ್ಯಗಳ ಪಟ್ಟಿ ನನ್ನ ಹತ್ತಿರ ಇದೆ, ಅದು ಬೇಡ.

ಬಿಐಇಆರ್‌ಟಿ, ಕಲಬುರಗಿ ಕಡೆ
ಮೇಡಂ, ನೀವು ಕೇಳಿದ್ದು ನನ್ನ ದಿನನಿತ್ಯದ ಕೆಲಸದ ಪ್ರಶ್ನೆ. ನಾವು ತಾಲ್ಲೂಕಿನ ಶಾಲೆಗಳಿಗೆ ಹೋಗಿ ವಿಶೇಷ ಅಗತ್ಯದ ಮಕ್ಕಳ ಕಲಿಕೆ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು. ಇಡೀ ತಾಲ್ಲೂಕಿಗೆ ನಮ್ಮಂಥವರು ಬೆರಳೆಣಿಕೆಯಷ್ಟು. ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗೆ ಹೋಗಬೇಕು. ವೈದ್ಯಕೀಯ ಮೌಲ್ಯಾಂಕನ ಶಿಬಿರ ನಡೆಸಬೇಕು, ಸಾಧನ ಸಲಕರಣೆ ಹಂಚಬೇಕು, ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಮಾಡಿಸಬೇಕು, ಮಾಹಿತಿ ತುಂಬಬೇಕು. ಇದೆಲ್ಲ ಬೇಕಾದ ಕೆಲಸವೇ. ಆದರೆ ಒಬ್ಬ ಶಿಕ್ಷಕರ ಪಕ್ಕದಲ್ಲಿ ನಿಂತು "ಹೀಗೆ ಮಾಡಿ ನೋಡೋಣ ಬನ್ನಿ" ಅನ್ನುವುದಕ್ಕೆ ಸಮಯವೇ ಉಳಿಯುವುದಿಲ್ಲ.

2021ರಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು. ನಾವಿರುವ ಸ್ಥಿತಿ ಅದಕ್ಕೆ ಹತ್ತಿರವೂ ಇಲ್ಲ. ಹುದ್ದೆ ಕೇಳುವುದನ್ನು ಯಾರೂ ಬಿಡಬಾರದು.

ಹುದ್ದೆ ಬರುವವರೆಗೆ ಏನು ಮಾಡುವುದು? ನಾನು ನೋಡಿದ ಮಟ್ಟಿಗೆ ಒಂದು ಮಾತು ಹೇಳುತ್ತೇನೆ. ನಾನು ಹೋಗಿ ಭಾಷಣ ಮಾಡಿ ಬಂದ ಶಾಲೆಗಳಲ್ಲಿ ಏನೂ ಉಳಿದಿಲ್ಲ. ಅದೇ ಮಗುವಿನ ಜೊತೆ ನಾನು ಅರ್ಧ ಗಂಟೆ ಕಲಿಸಿದ್ದೇನೆ, ಶಿಕ್ಷಕರು ನೋಡಿದ್ದಾರೆ, ಆಮೇಲೆ ಅವರು ಕಲಿಸಿದ್ದಾರೆ, ನಾನು ನೋಡಿದ್ದೇನೆ. ಅಂಥ ಶಾಲೆಗಳಲ್ಲಿ ಮುಂದಿನ ಸಲ ಹೋದಾಗಲೂ ಅದು ನಡೆಯುತ್ತಿರುತ್ತದೆ. ಇದು ಸಂಶೋಧನೆಯೋ ಅಲ್ಲವೋ ಬಲ್ಲವರು ಹೇಳಲಿ.

ನಲಿಕಲಿ ಮೇಷ್ಟ್ರು, ಚಾಮರಾಜನಗರ
ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಸಂಶೋಧನೆ ಸಂಶೋಧನೆ ಅಂತ ಬರುವುದೆಲ್ಲ ಇಂಗ್ಲಿಷ್ ಓದುವ ಮಕ್ಕಳ ಮೇಲೆ ಮಾಡಿದ್ದು. ಅಲ್ಲಿ ತರಗತಿಗೆ ಇಬ್ಬರು ಟೀಚರ್. ನನ್ನ ಹತ್ತಿರ ಮೂರು ತರಗತಿ ಒಂದೇ ಕೋಣೆಯಲ್ಲಿದೆ. 26 ಅಕ್ಷರದ ಭಾಷೆಗೆ ಮಾಡಿದ ವಿಧಾನ ನಮ್ಮ ಕಾಗುಣಿತಕ್ಕೆ ಹೇಗೆ ಹೊಂದುತ್ತದೆ?

ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಹುಟ್ಟಿದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ, 1995ರ ಹೊತ್ತಿಗೆ. ನಮ್ಮ ಮಕ್ಕಳನ್ನು ನೋಡಿ, ನಮ್ಮ ಶಿಕ್ಷಕರೇ ಕೂತು ಮಾಡಿದ್ದು ಅದು. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನಿಧಾನ ಕಲಿಯುವ ಮಗುವಿಗೆ ಇದಕ್ಕಿಂತ ಬೇರೆ ಏನು ಬೇಕು?

ಓದಿನ ಸಂಶೋಧಕಿ, ಬೆಂಗಳೂರು
ಮೇಷ್ಟ್ರೇ, ಮುಖ್ಯವಾದ ಪ್ರಶ್ನೆ. ಇಂಗ್ಲಿಷ್‌ನ ವಿಧಾನವನ್ನು ಹಾಗೇ ತಂದು ಹಾಕಬಾರದು ಅನ್ನೋದು ನಿಜ. ಆದರೆ ಕನ್ನಡದ ಮೇಲೆ ಕೆಲಸ ಆಗಿಲ್ಲ ಅನ್ನೋದು ನಿಜವಲ್ಲ. ಸೋನಾಲಿ ನಾಗ್ ಅವರು ಕನ್ನಡ ಓದುವ ಪುಟ್ಟ ಮಕ್ಕಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮಕ್ಕಳು ಅಕ್ಷರಮಾಲೆಯನ್ನು ಬೇಗ ಮುಗಿಸುತ್ತಾರೆ. ನಮ್ಮ ಮಕ್ಕಳು ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಅಕ್ಷರರೂಪಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಆ ಕಲಿಕೆ ಮೂರನೇ, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಮಕ್ಕಳಿಗೆ "ಕಮಲ" ಪದವನ್ನು ಕ-ಮ-ಲ ಅಂತ ಬಿಡಿಸುವುದು ಬೇಗ ಬರುತ್ತದೆ. "ಕ" ಒಳಗೆ ಇರುವ ವ್ಯಂಜನ, ಸ್ವರಗಳನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುವುದು ತುಂಬ ತಡವಾಗಿ ಬರುತ್ತದೆ.

ಇದರಿಂದ ತರಗತಿಗೆ ಸಿಗುವುದು ಏನು? ಎರಡನೇ ತರಗತಿಯ ಮಗುವಿಗೆ ಒತ್ತಕ್ಷರ ಬರುತ್ತಿಲ್ಲ ಅಂದ ಮಾತ್ರಕ್ಕೆ ಗಾಬರಿ ಬೇಡ. ನಾಲ್ಕರಲ್ಲೂ ಮೂಲಾಕ್ಷರ ತಡವರಿಸುತ್ತಿದ್ದರೆ ಕಾಯಬಾರದು. ಅಂಥ ಮಗುವಿಗೆ "ನೋಡ್ತಾ ನೋಡ್ತಾ ಬರುತ್ತೆ" ಅನ್ನುವ ಕಲಿಸುವಿಕೆ ಸಾಲುವುದಿಲ್ಲ. ಬಿಡಿಸಿ, ತೋರಿಸಿ, ಮತ್ತೆ ಮತ್ತೆ ಮಾಡಿಸಿ ಕಲಿಸಬೇಕು. ಮೊದಲು ನಾನು ಓದುತ್ತೇನೆ, ಆಮೇಲೆ ಇಬ್ಬರೂ ಸೇರಿ ಓದೋಣ, ಆಮೇಲೆ ನೀನೊಬ್ಬನೇ ಓದು. ತಪ್ಪಿದರೆ ಅಲ್ಲೇ ತಕ್ಷಣ ತಿದ್ದಬೇಕು. "ಹಣ್ಣು, ಕಣ್ಣು, ಮಣ್ಣು" ಅಂತ ಒಂದೇ ಒತ್ತಿನ ಪದಗಳನ್ನು ಗಟ್ಟಿ ಮಾಡಿಸಿ, ಆಮೇಲೆ "ಪುಸ್ತಕ, ಮಸ್ತಕ"ದ ಕಡೆ ಹೋಗಬೇಕು. ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಇಂಥ ನೇರ ಬೋಧನೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ದಶಕಗಳ ಆಧಾರ ಇದೆ. ನಲಿಕಲಿಯ ಮೆಟ್ಟಿಲು ಮಗು ಎಲ್ಲಿದೆ ಅಂತ ತೋರಿಸುತ್ತದೆ. ಮೆಟ್ಟಿಲಲ್ಲೇ ನಿಂತುಬಿಟ್ಟ ಮಗುವಿಗೆ ಶಿಕ್ಷಕರ ನೇರ ಬೋಧನೆ ಮೇಲಿಂದ ಸೇರಬೇಕು. ಎರಡಕ್ಕೂ ಜಗಳ ಇಲ್ಲ.

ಗುರುತಿಸುವುದಕ್ಕೂ ಕನ್ನಡದ ಸಾಧನ ಇದೆ. ಮಾನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಮಾಡಿದ "ಡಾಲಿ" ಅನ್ನುವ ಡಿಸ್ಲೆಕ್ಸಿಯಾ (ಓದು ಕಲಿಯುವಲ್ಲಿನ ತೊಡಕು) ಪರೀಕ್ಷಾ ಸಾಧನ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಇದೆ. ಅದರಲ್ಲಿ ಶಿಕ್ಷಕರೇ ತುಂಬಬಹುದಾದ ಪಟ್ಟಿಗಳಿವೆ.

ಕಲಬುರಗಿ ಸರ್ ಹೇಳಿದ್ದಕ್ಕೂ ಆಧಾರ ಇದೆ, ಅದೂ ನಮ್ಮ ದೇಶದ್ದೇ. ಪ್ರಥಮ್ ಅನ್ನುವ ಸ್ವಯಂಸೇವಾ ಸಂಸ್ಥೆ ಮಗು ಯಾವ ತರಗತಿ ಅಂತ ನೋಡದೆ ಅದರ ಈಗಿನ ಕಲಿಕಾ ಮಟ್ಟದಿಂದ ಕಲಿಸುತ್ತದೆ. ಈ ವಿಧಾನವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಹಲವು ರಾಜ್ಯಗಳಲ್ಲಿ ಪರೀಕ್ಷಿಸಿದರು. ಬಿಹಾರ, ಉತ್ತರಾಖಂಡದಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಕೊಟ್ಟರು. ಅಷ್ಟರಿಂದ ಮಕ್ಕಳ ಓದಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ. 2012-13ರಲ್ಲಿ ಹರಿಯಾಣದಲ್ಲಿ ಬೇರೆ ಥರ ಮಾಡಿದರು. ಮೇಲ್ವಿಚಾರಣೆ ಮಾಡುವ ಬ್ಲಾಕ್ ಹಂತದ ಸಿಬ್ಬಂದಿಯೇ ಮೊದಲು ಶಾಲೆಗೆ ಹೋಗಿ 15-20 ದಿನ ಸ್ವತಃ ಮಕ್ಕಳಿಗೆ ಕಲಿಸಿದರು. ಆಮೇಲೆ ಅವರೇ ಶಿಕ್ಷಕರಿಗೆ ಹೇಳಿಕೊಟ್ಟು, ಬಂದು ಬಂದು ನೋಡಿಕೊಂಡರು. ವೇಳಾಪಟ್ಟಿಯಲ್ಲಿ ದಿನಕ್ಕೆ ಒಂದು ಗಂಟೆ ಅದಕ್ಕೇ ಮೀಸಲಿಟ್ಟರು. ಅಲ್ಲಿ ಹಿಂದಿ ಓದು ಸುಧಾರಿಸಿತು. ಇದು ವಿಕಲಚೇತನ ಮಕ್ಕಳಿಗಾಗಿ ಮಾಡಿದ ಪ್ರಯೋಗ ಅಲ್ಲ. ಆದರೆ ಒಳ್ಳೆಯ ವಿಧಾನ ಸರ್ಕಾರಿ ಶಾಲೆಯಲ್ಲಿ ಬೇರೂರಲು ಏನು ಬೇಕು ಅನ್ನೋದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇದು.

ಸಿಆರ್‌ಪಿ, ತುಮಕೂರು
ಮೇಲಿನದನ್ನು ಎರಡು ಸಲ ಓದಿದೆ. ಅಂದರೆ ನಾನು ಮೊದಲು ಕಲಿಸಬೇಕು, ಆಮೇಲೆ ಹೇಳಬೇಕು. ಇದು ನನಗೆ ಒಪ್ಪಿಗೆ. ಸುತ್ತಲಿನ ಕೆಲವು ಶಾಲೆಗಳಿಗೆ ಸಂಪನ್ಮೂಲ ವ್ಯಕ್ತಿಗಳಾದ ನಾವು ಶಾಲಾ ಭೇಟಿಗೆ ಹೋದಾಗ ದಾಖಲೆ ನೋಡುವುದೇ ಜಾಸ್ತಿ ಆಗುತ್ತದೆ. ಸಮಾಲೋಚನಾ ಸಭೆಯಲ್ಲೂ ಸುತ್ತೋಲೆ ಓದುವುದರಲ್ಲೇ ಹೊತ್ತು ಹೋಗುತ್ತದೆ. ಆ ಸಭೆಯ ಒಂದು ಗಂಟೆಯನ್ನಾದರೂ ಇಂಥ ಒಂದು ವಿಧಾನ ಮಾಡಿ ತೋರಿಸುವುದಕ್ಕೆ ಇಡಬಹುದು. ಅದಕ್ಕೆ ಯಾರ ಅನುಮತಿಯೂ ಬೇಡ.

ತಾಯಿ, ಮೈಸೂರು
ನಾನು ಟೀಚರ್ ಅಲ್ಲ. ನನ್ನ ಮಗನಿಗೆ ಡಿಸ್ಲೆಕ್ಸಿಯಾ ಇದೆ. ಅವನು ಎರಡನೇ ತರಗತಿಯಲ್ಲಿದ್ದಾಗಲೇ ನನಗೆ ಅನುಮಾನ ಇತ್ತು. ಆಗ ಓದುತ್ತಿದ್ದ ಖಾಸಗಿ ಶಾಲೆಯವರು "ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ" ಅಂದರು. ಸರ್ಟಿಫಿಕೇಟ್‌ಗೆ ಹೋದರೆ "8 ವರ್ಷ ಆಗಲಿ" ಅಂದರು. ಆ ಮಧ್ಯದ ಕಾಲ ಪೂರ್ತಿ ಅವನು ತರಗತಿಯಲ್ಲಿ ದಡ್ಡ ಅನ್ನಿಸಿಕೊಂಡ. ಓದು ಅಂದರೆ ಹೊಟ್ಟೆನೋವು ಶುರುವಾಗುತ್ತಿತ್ತು.

ಸರ್ಟಿಫಿಕೇಟ್ ಬಂದ ಮೇಲೆ ಏನಾಯಿತು? ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಟ್ಟರು. ಓದಲು ಕಲಿಸುವುದನ್ನು ಯಾರೂ ಶುರು ಮಾಡಲಿಲ್ಲ. ಓದಲು ಬಾರದ ಮಗುವಿಗೆ ಹೆಚ್ಚು ಸಮಯ ಕೊಟ್ಟರೆ ಅದೇ ಕಾಗದವನ್ನು ಇನ್ನಷ್ಟು ಹೊತ್ತು ನೋಡುತ್ತಾ ಕೂರುತ್ತದೆ, ಅಲ್ವಾ? ರಿಯಾಯಿತಿ ಬೇಡ ಅಂತ ನಾನು ಹೇಳುತ್ತಿಲ್ಲ. ಕಲಿಸುವುದೂ ಬೇಕು. ಶಾಲೆ ಬದಲಾಯಿಸಿದ ಮೇಲೆ ಒಬ್ಬ ಮೇಡಂ ದಿನಾ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರು. ಈಗ ಅವನು ಬಸ್ಸಿನ ಬೋರ್ಡ್ ಓದುತ್ತಾನೆ, ಪತ್ರಿಕೆಯಲ್ಲಿ ಕ್ರಿಕೆಟ್ ಸುದ್ದಿ ಓದುತ್ತಾನೆ. ದಯವಿಟ್ಟು ಯಾರೂ ಕಾಗದಕ್ಕಾಗಿ ಕಾಯಬೇಡಿ.

ವಾಕ್ ಮತ್ತು ಶ್ರವಣ ತಜ್ಞೆ
ಈ ತಾಯಿಯ ಮಾತಿಗೆ ಕಾನೂನಿನ ಬಲವೂ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಓದಿ. ಮಗುವಿನ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು ಅನ್ನುವ ಹೊಣೆ ಅಲ್ಲಿ ಶಾಲೆಯ ಮೇಲಿದೆ. ಪ್ರಮಾಣಪತ್ರ ಬೇಕಾಗುವುದು ಸೌಲಭ್ಯಕ್ಕೆ. ಕಲಿಸುವುದಕ್ಕೆ ಬೇಡ.

ಎನ್‌ಸಿಇಆರ್‌ಟಿ ಎಂಬ ಕೇಂದ್ರದ ಶಿಕ್ಷಣ ಸಂಸ್ಥೆ 2022ರಲ್ಲಿ ತಂದ, ಇಂಥ ಮಕ್ಕಳನ್ನು ಗುರುತಿಸುವ "ಪ್ರಶಸ್ತ್" ಆ್ಯಪ್‌ನಲ್ಲಿ ಸಾಮಾನ್ಯ ಶಿಕ್ಷಕರೇ ತುಂಬುವ ಮೊದಲ ಭಾಗ ಇದೆ. ಅದರಲ್ಲಿ ಗುರುತು ಹಾಕಿದ್ದೇ ರೋಗನಿರ್ಣಯ ಅಂತ ದಯವಿಟ್ಟು ತಿಳಿಯಬೇಡಿ. ಇನ್ನೂ ಮುಖ್ಯವಾದದ್ದು, ಮಗುವಿನ ಹೆಸರು ಪಟ್ಟಿಗೆ ಸೇರಿದ ಮರುದಿನದಿಂದ ತರಗತಿಯಲ್ಲಿ ಏನು ಬದಲಾಯಿತು ಅನ್ನೋದು. ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಕಿವಿ ಸೋರುವ ಎಷ್ಟೋ ಮಕ್ಕಳನ್ನು ಗಮನ ಇಲ್ಲದವರು ಅಂದುಕೊಂಡಿರುತ್ತೇವೆ. ಹತ್ತಿರದ ಜಿಲ್ಲಾಸ್ಪತ್ರೆಯಲ್ಲಿ ಆಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಬಿಕಾಂ ವಿದ್ಯಾರ್ಥಿ, ಶಿವಮೊಗ್ಗ
ಎಲ್ಲರೂ ಓದಿನ ಬಗ್ಗೆ ಬರೆಯುತ್ತಿದ್ದೀರಿ. ನನಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಸಾಮಾನ್ಯ ಶಾಲೆಯಲ್ಲೇ ಓದಿದೆ. ಹಾವೇರಿ ಮೇಡಂ, ನಿಮ್ಮ ಶಾಲೆಯ ಆ ಹುಡುಗಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶಿಕ್ಷಕರು ಬೋರ್ಡ್ ಕಡೆ ತಿರುಗಿ ಬರೆಯುತ್ತಾ ಮಾತಾಡಿದರೆ ನಮಗೆ ಆ ಪಾಠ ಇಲ್ಲವೇ ಇಲ್ಲ. ಬರೆದು ಮುಗಿಸಿ, ಈ ಕಡೆ ತಿರುಗಿ, ಆಮೇಲೆ ಮಾತಾಡಿ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ಬೇರೆ ಮಗು ಉತ್ತರ ಹೇಳಿದಾಗ ಯಾರು ಹೇಳುತ್ತಿದ್ದಾರೆ ಅಂತ ಕೈ ತೋರಿಸಿ. ಶ್ರವಣಸಾಧನ ಹಾಕಿದ ಮಗುವಿಗೆ ಎಲ್ಲ ಕೇಳುತ್ತದೆ ಅಂದುಕೊಳ್ಳಬೇಡಿ. ಫ್ಯಾನಿನ ಸದ್ದು, ಪಕ್ಕದ ತರಗತಿಯ ಗಲಾಟೆ ಎಲ್ಲವೂ ಜೋರಾಗಿಯೇ ಕೇಳುತ್ತದೆ.

ಸನ್ನೆ ಭಾಷೆಯ ಬಗ್ಗೆಯೂ ಹೇಳಲೇಬೇಕು. ಮಾತು ಬರುವುದಿಲ್ಲ ಅಂತ ಸನ್ನೆ ಭಾಷೆಯನ್ನು ದೂರ ಇಟ್ಟರೆ ಮಗು ಯಾವ ಭಾಷೆಯೂ ಇಲ್ಲದೆ ಬೆಳೆಯುತ್ತದೆ. 2020ರಲ್ಲಿ ಎನ್‌ಸಿಇಆರ್‌ಟಿ ಮತ್ತು ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಗೆ ತರಲು ಒಪ್ಪಂದ ಮಾಡಿಕೊಂಡಿವೆ. ಆ ಹುಡುಗಿಯ ಜೊತೆ ಇಡೀ ತರಗತಿ ಸ್ವಲ್ಪ ಸನ್ನೆ ಕಲಿತರೆ ಬಿಡುವಿನ ಹೊತ್ತಿನಲ್ಲಿ ಅವಳಿಗೆ ಗೆಳತಿಯರೂ ಸಿಗುತ್ತಾರೆ. ನನಗೆ ಶಾಲೆಯಲ್ಲಿ ಹೆಚ್ಚು ಕಷ್ಟ ಆಗಿದ್ದು ಪಾಠಕ್ಕಿಂತ ಊಟದ ಹೊತ್ತು. ಶಾಲೆಯಲ್ಲಿ ಏನು ಬದಲಾಯಿಸಬೇಕು ಅಂತ ಯೋಚಿಸುವಾಗ ನಮ್ಮನ್ನೂ ಕೂರಿಸಿಕೊಂಡು ಕೇಳಿ.

ಮುಖ್ಯ ಶಿಕ್ಷಕಿ, ಹಾವೇರಿ
ತಮ್ಮಾ, ಇದನ್ನು ಪ್ರಿಂಟ್ ತೆಗೆದು ನಾಳೆಯೇ ಸ್ಟಾಫ್ ರೂಮಿನಲ್ಲಿ ಅಂಟಿಸುತ್ತೇನೆ. ಇದಕ್ಕೆ ಜೂನ್‌ವರೆಗೆ ಕಾಯಬೇಕಾಗಿಲ್ಲ.

ವಿಶೇಷ ಶಿಕ್ಷಕಿ, ಮಿನ್ನೆಸೋಟ
ದಾವಣಗೆರೆಯವಳು, ಈಗ ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಒಂದು ಶಾಲೆಯಲ್ಲಿ ವಿಶೇಷ ಶಿಕ್ಷಕಿ. ಇಲ್ಲಿ ಎಲ್ಲ ಸರಿಯಾಗಿದೆ ಅಂತ ದಯವಿಟ್ಟು ತಿಳಿಯಬೇಡಿ. ಇಲ್ಲಿ 1975ರಿಂದ ವಿಕಲಚೇತನ ಮಕ್ಕಳ ಶಿಕ್ಷಣಕ್ಕೆ ಕಾಯ್ದೆ ಇದೆ. ಸಂಶೋಧನೆಯ ಆಧಾರ ಇರುವ ವಿಧಾನ ಬಳಸಿ ಅಂತ ಕಾಯ್ದೆಯಲ್ಲೇ ಬರೆದಿದೆ. ಆದರೂ ತರಬೇತಿ ಕೊಟ್ಟ ಮೇಲೆ ಬಿಟ್ಟುಹೋಗುವ ಸಮಸ್ಯೆ ಇಲ್ಲೂ ಇದ್ದದ್ದೇ. ಈ ಸಮಸ್ಯೆಯ ಮೇಲೆಯೇ ಬೇರೆ ಸಂಶೋಧನೆ ನಡೆದಿದೆ. ಒಂದು ಹೊಸ ಕ್ರಮ ಶಾಲೆಯಲ್ಲಿ ಪೂರ್ತಿ ನೆಲೆ ನಿಲ್ಲಲು ಸಾಮಾನ್ಯವಾಗಿ 2ರಿಂದ 4 ವರ್ಷ ಬೇಕು ಅನ್ನುತ್ತಾರೆ. ಮೊದಲ ವರ್ಷ ಎಡವುವುದು ಸಹಜ. ಆ ಹೊತ್ತಿಗೆ ಇನ್ನೊಂದು ಹೊಸ ಯೋಜನೆ ಬಂದು ಹಳೆಯದನ್ನು ತಳ್ಳಿಬಿಟ್ಟರೆ ಯಾವುದೂ ನಿಲ್ಲುವುದಿಲ್ಲ.

ನೀವು ಶುರು ಮಾಡಲು ಒಂದು ವಿಷಯ ಹೇಳುತ್ತೇನೆ. 1970ರ ದಶಕದ ಕೊನೆಯಲ್ಲಿ ಇಲ್ಲಿನ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಡೆನೊ ಮತ್ತು ಜೊತೆಗಾರರು ವಿಶೇಷ ಶಿಕ್ಷಕರಿಗಾಗಿ ಒಂದು ಸರಳ ಅಳತೆ ರೂಪಿಸಿದರು. ಮಗು ಒಂದು ನಿಮಿಷ ಗಟ್ಟಿಯಾಗಿ ಓದುತ್ತದೆ. ಸರಿಯಾಗಿ ಓದಿದ ಪದಗಳನ್ನು ಎಣಿಸುತ್ತೀರಿ. ವಾರಕ್ಕೊಮ್ಮೆ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ. ಮಗು ಎಲ್ಲಿಗೆ ತಲುಪಬೇಕು ಅಂತ ಒಂದು ಗೆರೆ ಎಳೆದಿರುತ್ತೀರಿ. ಸತತ ನಾಲ್ಕು ಚುಕ್ಕೆ ಆ ಗೆರೆಯ ಕೆಳಗೆ ಬಿದ್ದರೆ ಕಲಿಸುವ ಕ್ರಮ ಬದಲಾಯಿಸಬೇಕು. ಹೊಸ ಪುಸ್ತಕ ಬೇಡ, ದುಡ್ಡು ಬೇಡ. ವರ್ಷದ ಕೊನೆಯ ಪರೀಕ್ಷೆವರೆಗೆ ಕಾಯದೆ ಎರಡನೇ ತಿಂಗಳಲ್ಲೇ ವಿಷಯ ಗೊತ್ತಾಗುತ್ತದೆ. ಹುರುಪು ಕೊಡುವುದೂ ಈ ಗ್ರಾಫೇ. ತಾನು ಮೇಲೆ ಹೋಗುತ್ತಿರುವುದನ್ನು ಮಗು ಕಣ್ಣಾರೆ ನೋಡುತ್ತದೆ.

ಖಾಸಗಿ ಶಾಲೆ ಶಿಕ್ಷಕಿ, ಹುಬ್ಬಳ್ಳಿ
ನಮಗೆ ಹೋದ ವರ್ಷ ಕಲಿಕಾ ಶೈಲಿ ಬಗ್ಗೆ ತರಬೇತಿ ಕೊಟ್ಟರು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸಿ ಪಾಠ ಮಾಡಬೇಕಂತೆ. ಡಿಸ್ಲೆಕ್ಸಿಯಾ ಮಕ್ಕಳಿಗೆ ಬಣ್ಣದ ಕನ್ನಡಕವನ್ನೂ ಹೇಳಿದರು. ಇವೂ ಸಂಶೋಧನೆಯೇ ಅಲ್ವಾ?

ಓದಿನ ಸಂಶೋಧಕಿ, ಬೆಂಗಳೂರು
ಕೇಳಿದ್ದು ಒಳ್ಳೆಯದಾಯಿತು ಮೇಡಂ. ಕಲಿಕಾ ಶೈಲಿಗೆ ತಕ್ಕ ಹಾಗೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಅನ್ನೋದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ 2008ರಲ್ಲೇ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮನೋವಿಜ್ಞಾನಿಗಳು ಪರಿಶೀಲಿಸಿ ಬರೆದಿದ್ದಾರೆ. ಬಣ್ಣದ ಕನ್ನಡಕಕ್ಕೂ ಆಧಾರ ಇಲ್ಲ ಅಂತ 2009ರಲ್ಲಿ ಅಮೆರಿಕದ ಮಕ್ಕಳ ತಜ್ಞರು ಮತ್ತು ಕಣ್ಣಿನ ತಜ್ಞರ ಸಂಘಗಳು ಜಂಟಿಯಾಗಿ ಹೇಳಿವೆ. ಚಿತ್ರ ತೋರಿಸಿ, ಮಾಡಿಸಿ, ಹೇಳಿ ಕಲಿಸುವುದು ಎಲ್ಲ ಮಕ್ಕಳಿಗೂ ಒಳ್ಳೆಯದು. ಮಗುವಿಗೆ ಒಂದು ಶೈಲಿಯ ಹಣೆಪಟ್ಟಿ ಹಚ್ಚುವುದು ಬೇಡ. ಇಂಥ ತರಬೇತಿ ತಿಂದ ಸಮಯ ಅಕ್ಷರ ಬಿಡಿಸಿ ಕಲಿಸುವುದಕ್ಕೆ ಸಿಗಬೇಕಿತ್ತು, ಅದೇ ನನಗೆ ಬೇಸರ. ಯಾರಾದರೂ ಹೊಸ ವಿಧಾನ ತಂದಾಗ ಒಂದು ಪ್ರಶ್ನೆ ಕೇಳಿ: ಇದನ್ನು ಬಳಸಿದ ಮಕ್ಕಳನ್ನು, ಬಳಸದ ಅಂಥದೇ ಮಕ್ಕಳ ಜೊತೆ ಹೋಲಿಸಿ ನೋಡಿದ್ದೀರಾ?

ಬಿಐಇಆರ್‌ಟಿ, ಕಲಬುರಗಿ ಕಡೆ
ಹಾವೇರಿ ಮೇಡಂ ಅವರ ಶಾಲೆಯ ಆ ಹುಡುಗನ ಬಗ್ಗೆ ಯಾರೂ ಬರೆದಿಲ್ಲ. ಒಂದು ಕಡೆ ಕೂರಲಾಗದ ಮಗುವಿಗೆ "ಸುಮ್ನೆ ಕೂತ್ಕೋ" ಅನ್ನುವುದರಿಂದ ಏನೂ ಆಗುವುದಿಲ್ಲ. ಇಪ್ಪತ್ತು ಲೆಕ್ಕವನ್ನು ಐದೈದಾಗಿ ಕೊಡಿ. ಐದು ಮುಗಿದಾಗ ಎದ್ದು ಬಂದು ತೋರಿಸಲಿ. ಸರಿ ಮಾಡಿದ್ದನ್ನು ಆ ಕ್ಷಣದಲ್ಲೇ ಬಾಯಿಬಿಟ್ಟು ಹೇಳಿ. "ಒಳ್ಳೆ ಹುಡುಗ" ಅನ್ನುವುದಕ್ಕಿಂತ "ಕೈ ಎತ್ತಿ ಕೇಳಿದೆ ನೋಡು, ಅದು ಚೆನ್ನಾಗಿತ್ತು" ಅಂದರೆ ಅವನಿಗೆ ಏನು ಮಾಡಬೇಕು ಅಂತ ತಿಳಿಯುತ್ತದೆ. ಬೆಳಗ್ಗೆ ಒಂದೆರಡು ಗುರಿ ಬರೆದ ಚೀಟಿ ಕೊಟ್ಟು, ಸಂಜೆ ಅದನ್ನು ಮನೆಗೆ ಕಳಿಸುವ ಕ್ರಮಕ್ಕೂ ಒಳ್ಳೆಯ ಆಧಾರ ಇದೆ. ಮನೆಯವರು ಆ ಚೀಟಿಯನ್ನು ಬೈಯಲು ಬಳಸಬಾರದು, ಅದನ್ನು ಮೊದಲೇ ಕೂರಿಸಿ ಹೇಳಬೇಕು.

ಮುಖ್ಯ ಶಿಕ್ಷಕಿ, ಹಾವೇರಿ
ಎಲ್ಲರ ಮಾತನ್ನೂ ನಮ್ಮ ಶಿಕ್ಷಕರ ಜೊತೆ ಕೂತು ಓದಿದೆ. ನಮ್ಮ ತೀರ್ಮಾನ ಹೀಗಿದೆ. ಈ ವರ್ಷ ಓದಿನ ಒಂದೇ ವಿಧಾನ ಹಿಡಿಯುತ್ತೇವೆ. ನಾಲ್ಕು ಮತ್ತು ಐದನೇ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಬೆಳಗಿನ ಮೊದಲ ಅವಧಿಯಲ್ಲಿ ಅರ್ಧ ಗಂಟೆ ಬಿಡಿಸಿ ಕಲಿಸುವುದು, ವಾರಕ್ಕೊಮ್ಮೆ ಒಂದು ನಿಮಿಷದ ಓದು. ಆ ಅರ್ಧ ಗಂಟೆಯಲ್ಲಿ ಬೇರೆ ಯಾವ ಕೆಲಸಕ್ಕೂ ಶಿಕ್ಷಕರನ್ನು ಕರೆಯುವುದಿಲ್ಲ, ಅದು ನನ್ನ ಹೊಣೆ. ಮೊದಲ ವಾರಗಳಲ್ಲಿ ನಾನೇ ಆ ಮಕ್ಕಳಿಗೆ ಕಲಿಸುತ್ತೇನೆ, ಶಿಕ್ಷಕರು ನೋಡಲಿ. ಆಮೇಲೆ ಅವರು ಕಲಿಸಲಿ, ನಾನು ಪಕ್ಕದಲ್ಲಿರುತ್ತೇನೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಹೇಳಿದ್ದೇನೆ. ನಮ್ಮ ತಾಲ್ಲೂಕಿನ ಬಿಐಇಆರ್‌ಟಿ ತಿಂಗಳಿಗೊಮ್ಮೆ ಬರಲು ಒಪ್ಪಿದ್ದಾರೆ. ಬಂದಾಗ ದಾಖಲೆ ತೋರಿಸುವುದಿಲ್ಲ, ಮಗು ಓದುವುದನ್ನು ತೋರಿಸುತ್ತೇವೆ ಅಂತ ಮೊದಲೇ ಹೇಳಿಬಿಟ್ಟಿದ್ದೇನೆ.

ನಲಿಕಲಿ ಮೇಷ್ಟ್ರು, ಚಾಮರಾಜನಗರ
ನಾನೂ ಮೂರನೇ ತರಗತಿಯ ಮಕ್ಕಳಿಗೆ ಈ ಒಂದು ನಿಮಿಷದ ಓದು ಮಾಡಿ ನೋಡುತ್ತೇನೆ. ಎರಡು ಅನುಮಾನ. ಯಾವ ಪಾಠ ಓದಿಸಬೇಕು? ನಿಮಿಷಕ್ಕೆ ಎಷ್ಟು ಪದ ಬರಬೇಕು?

ಓದಿನ ಸಂಶೋಧಕಿ, ಬೆಂಗಳೂರು
ಮೇಷ್ಟ್ರೇ, ಈಗಾಗಲೇ ಬಾಯಿಪಾಠ ಆಗಿರುವ ಪಾಠ ಬೇಡ. ಅದೇ ಮಟ್ಟದ, ಮಗು ನೋಡದ ಪುಟ್ಟ ಕಥೆ ತೆಗೆದುಕೊಳ್ಳಿ. ಶಾಲೆಯ ಗ್ರಂಥಾಲಯದ ಚಿಕ್ಕ ಪುಸ್ತಕಗಳು ಸಾಕು. ಪ್ರತಿ ವಾರ ಬೇರೆ ಕಥೆ, ಕಷ್ಟ ಮಾತ್ರ ಒಂದೇ ಅಳತೆಯದು. ಒತ್ತಕ್ಷರ ಎಷ್ಟಿವೆ ಅಂತ ಎಣಿಸಿಕೊಂಡು ಹೊಂದಿಸಿ. ಇಂಗ್ಲಿಷ್‌ಗೆ ಕೊಟ್ಟಿರುವ ಪದಗಳ ಸಂಖ್ಯೆ ನಮಗೆ ಬೇಡ. "ಮನೆಯಲ್ಲಿದ್ದವರಿಗೆ" ಅನ್ನೋದು ನಮಗೆ ಒಂದೇ ಪದ. ಅದನ್ನು ಅವರ ಲೆಕ್ಕದ ಜೊತೆ ಹೋಲಿಸಿದರೆ ನಮ್ಮ ಮಕ್ಕಳೆಲ್ಲ ಹಿಂದೆ ಬಿದ್ದ ಹಾಗೆ ಕಾಣುತ್ತದೆ. ನಿಮ್ಮದೇ ತರಗತಿಯಲ್ಲಿ ಚೆನ್ನಾಗಿ ಓದುವ ನಾಲ್ಕೈದು ಮಕ್ಕಳನ್ನು ಓದಿಸಿ, ಅದನ್ನು ಗುರಿ ಗೆರೆಗೆ ಆಧಾರ ಮಾಡಿಕೊಳ್ಳಿ. ಮಗುವನ್ನು ಅದರದ್ದೇ ಹಿಂದಿನ ವಾರದ ಜೊತೆ ಹೋಲಿಸಿ. ಓದಿದ ಮೇಲೆ ಕಥೆ ಏನು ಅಂತಲೂ ಕೇಳಿ, ಇಲ್ಲದಿದ್ದರೆ ಮಕ್ಕಳು ಬರೀ ವೇಗಕ್ಕೆ ಬೀಳುತ್ತಾರೆ. ಮೂರನೇ ತರಗತಿಗೆ ಹೊಂದುವ ಐದಾರು ಕಥೆಗಳನ್ನು ಒತ್ತಕ್ಷರ ಎಣಿಸಿ ಹೊಂದಿಸಿ ಈ ವಾರಾಂತ್ಯ ಇಲ್ಲೇ ಹಾಕುತ್ತೇನೆ. ಹಾವೇರಿ ಮೇಡಂ, ನಾಲ್ಕನೇ ತರಗತಿಯದು ನಿಮ್ಮ ಶಿಕ್ಷಕರು ಮಾಡಿಕೊಡಲಿ.